ಒಂದು ಕೋಣೆ ಹೆಚ್ಚಿದ್ದರೆ ಮನೆಗೆ ಎಷ್ಟು ಬೆಲೆ ಹೆಚ್ಚು?

ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಕೊಲ್ಲೂರು ರಸ್ತೆಗೆ ತಿರುಗಿದ ಕಾರು ವಂಡ್ಸೆ ಪೇಟೆ ಹತ್ತಿರವಾಗುತ್ತಿದ್ದಂತೆ ನಿಧಾನವಾಗುತ್ತದೆ. ಕಾಂಪೌಂಡ್ ಗೋಡೆಗೆ ಕಟ್ಟಿದ ಫ್ಲೆಕ್ಸಿನಲ್ಲಿ ‘ಮನೆ ಮಾರಾಟಕ್ಕಿದೆ’ ಎಂಬ ದೊಡ್ಡ ಅಕ್ಷರ, ಕೆಳಗೊಂದು ಮೊಬೈಲ್ ನಂಬರು. ಬೆಂಗಳೂರಿನಿಂದ ರಜೆಗೆ ಬಂದ ಮಗ ಕಾರಿನಲ್ಲಿ ಕುಳಿತೇ ಫೋನ್ ಹಚ್ಚುತ್ತಾನೆ. “ಎಷ್ಟ್ ಬೆಡ್‌ರೂಮ್ ಇತ್ತ್?” ಎಂಬುದು ಮೊದಲ ಪ್ರಶ್ನೆ. “ಮೂರ್ ಇತ್ತ್, ಮೂರಕ್ಕೂ ಅಟ್ಯಾಚ್ ಬಾತ್‌ರೂಮ್. ಬಂದ್ ಕಾಣಿ” ಎಂದು ಆ ಕಡೆಯಿಂದ ಉತ್ತರ. ಎರಡನೇ ಪ್ರಶ್ನೆ ಬೆಲೆಯದು. ಹಿಂದಿನ ಸೀಟಿನಲ್ಲಿರುವ ತಾಯಿ ಮಾತ್ರ ಬೇರೆಯದೇ ಕೇಳುತ್ತಾರೆ: “ಬಾವಿ ಇತ್ತಾ ಕೇಣ್ ಮಗಾ, ಮೇ ತಿಂಗ್ಳಂಗೂ ನೀರ್ ಇರತ್ತಾ ಕೇಣ್.”

ಬೈಂದೂರಿನಿಂದ ಬ್ರಹ್ಮಾವರದವರೆಗೆ ಇಂಥ ಮಾತುಕತೆ ಈಗ ದಿನನಿತ್ಯದ್ದು. ಕುಂದಾಪುರದ ಫ್ಲ್ಯಾಟ್ ಇರಲಿ, ಕೋಟೇಶ್ವರ, ತಲ್ಲೂರು, ಸಾಲಿಗ್ರಾಮದ ಕಡೆಯ ಬಿಡಿ ಮನೆ ಇರಲಿ, ಬೆಲೆಯ ಅಂದಾಜು ಶುರುವಾಗುವುದು ಬೆಡ್‌ರೂಮಿನ ಸಂಖ್ಯೆಯಿಂದ. ಎರಡು ಕೋಣೆಯದಕ್ಕೆ ಇಷ್ಟು, ಮೂರರದಕ್ಕೆ ಇನ್ನಷ್ಟು. ಹೀಗೆ ಕೇಳಿ ಕೇಳಿ ಒಂದು ನಂಬಿಕೆ ಬೇರೂರಿದೆ: ಕೋಣೆ ಒಂದು ಹೆಚ್ಚಾದರೆ ಬೆಲೆ ಕೆಲವು ಲಕ್ಷ ಹೆಚ್ಚು. ಮನೆ ಕಟ್ಟುವವರು ಸಾಲ ಮಾಡಿಯಾದರೂ ಇನ್ನೊಂದು ಕೋಣೆ ಎಬ್ಬಿಸುತ್ತಾರೆ, ಕೊಳ್ಳುವವರು ಇನ್ನೊಂದು ಕೋಣೆಗಾಗಿ ಬಜೆಟ್ ಮೀರುತ್ತಾರೆ.

ಈ ನಂಬಿಕೆ ಅರ್ಧ ನಿಜ. ಉಳಿದ ಅರ್ಧ ಗೊತ್ತಿಲ್ಲದೆ ಊರಿನ ಎಷ್ಟೋ ಕುಟುಂಬಗಳ ದುಡಿಮೆ, ವಾಪಸ್ಸು ಬಾರದ ಕಾಂಕ್ರೀಟಿನಲ್ಲಿ ಸೇರಿಹೋಗಿದೆ. ಹಾಗಾಗಿ ಕೋಣೆಗೂ ಬೆಲೆಗೂ ಇರುವ ನಂಟನ್ನು ಬಿಡಿಸಿ ನೋಡುವುದು ಅಗತ್ಯ.

ಚಾವಡಿಯಿಂದ ಬಿಎಚ್‌ಕೆವರೆಗೆ

ನಮ್ಮ ಹಳೆಯ ಹಂಚಿನ ಮನೆಗಳಲ್ಲಿ ಮಲಗುವ ಕೋಣೆ ಎಂದು ಪ್ರತ್ಯೇಕವಾಗಿ ಇದ್ದದ್ದು ಕಡಿಮೆ. ಮುಂದೆ ಜಗಲಿ, ದಾಟಿದರೆ ಚಾವಡಿ, ದೇವರ ಕೋಣೆ, ಒಳಗೊಂದು ಎರಡು ಕತ್ತಲ ಕೋಣೆ, ಮೇಲೆ ಅಟ್ಟ, ಹಿಂದೆ ಅಡುಗೆ ಮನೆ, ಹೊರಗೆ ಬಚ್ಚಲು ಮತ್ತು ಕೊಟ್ಟಿಗೆ. ಗಂಡಸರು ಜಗಲಿ, ಚಾವಡಿಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದರು. ಒಳಕೋಣೆ ಬಾಣಂತಿಗೆ, ವಯಸ್ಸಾದವರಿಗೆ, ಅಕ್ಕಿ ಮುಡಿಗೆ. ಹತ್ತು ಹನ್ನೆರಡು ಜನ ಆ ಮನೆಯಲ್ಲಿ ಬಾಳುತ್ತಿದ್ದರು. ಯಾರಾದರೂ ಆ ಮನೆಯ ಯೋಗ್ಯತೆ ಅಳೆಯುವಾಗ ಎಷ್ಟು ಮುಡಿ ಗದ್ದೆ ಇದೆ, ಬಾವಿ ಹೇಗಿದೆ, ಚಾವಡಿಗೆ ಎಂಥ ಕಂಬ ಎಂದು ಕೇಳುತ್ತಿದ್ದರೇ ವಿನಾ ಮಲಗುವ ಕೋಣೆ ಎಣಿಸುತ್ತಿರಲಿಲ್ಲ.

1974ರಲ್ಲಿ ದೇವರಾಜ ಅರಸು ಸರ್ಕಾರ ತಂದ ಭೂ ಸುಧಾರಣೆ ಕರಾವಳಿಯಲ್ಲಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಹಿಡುವಳಿ ಸಣ್ಣದಾಯಿತು, ಕೂಡು ಕುಟುಂಬ ಒಡೆಯಿತು, ಪ್ರತಿ ಸಂಸಾರಕ್ಕೂ ಬೇರೆ ಮನೆ ಬೇಕಾಯಿತು. ಮುಂಬೈ, ಬೆಂಗಳೂರಿನ ಹೋಟೆಲು ಮತ್ತು ಬೇಕರಿಗಳಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದ ಹಣ ಊರಿಗೆ ಬಂದು ಹಂಚಿನ ಮಾಡಿನ ಜಾಗದಲ್ಲಿ ಆರ್‌ಸಿಸಿ ಮನೆ ಎದ್ದಿತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಮುಂಬೈ ಒಂದು ರಾತ್ರಿಯ ದಾರಿಯಾಯಿತು. ಊರಿಗೆ ಬಂದು ಹೋಗುವವರು ಹೆಚ್ಚಿದರು, ಬಂದಾಗ ಇರಲು ತಮ್ಮದೇ ಕೋಣೆ ಬೇಕೆಂಬ ಆಸೆಯೂ ಹೆಚ್ಚಿತು.

ಬಿಎಚ್‌ಕೆ ಎಂಬ ಲೆಕ್ಕ ಬಂದದ್ದು ಫ್ಲ್ಯಾಟುಗಳ ಜತೆಗೆ. ಫ್ಲ್ಯಾಟಿಗೆ ಅದರದೇ ಆದ ಅಂಗಳವಿಲ್ಲ, ತೆಂಗಿನ ಮರವಿಲ್ಲ, ಬಾವಿಯಿಲ್ಲ. ಒಂದು ಫ್ಲ್ಯಾಟಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಚುಟುಕಾಗಿ ಹೇಳಲು ಕೋಣೆಯ ಸಂಖ್ಯೆ ಸುಲಭ. ಆ ಅಳತೆಗೋಲನ್ನೇ ನಾವು ತೋಟದ ನಡುವಿನ ಬಿಡಿ ಮನೆಗೂ ತಂದು ಹಿಡಿದಿದ್ದೇವೆ. ಗೊಂದಲ ಶುರುವಾಗುವುದು ಇಲ್ಲಿ.

ಕೋಣೆ ಎಂದರೆ ಏನು ಎಂಬುದರಲ್ಲೂ ಒಮ್ಮತವಿಲ್ಲ. ಜನಗಣತಿಯವರು ಕನಿಷ್ಠ 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 2 ಮೀಟರ್ ಎತ್ತರವಿದ್ದು, ಗೋಡೆ ಬಾಗಿಲು ಇರುವುದನ್ನು ವಾಸದ ಕೋಣೆ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಹಾಲ್ ಕೂಡ ಕೋಣೆಯೇ, ಅಡುಗೆ ಮನೆ ಅಲ್ಲ. 2011ರ ಗಣತಿಯಂತೆ ದೇಶದ ಸುಮಾರು 37 ಶೇಕಡಾ ಕುಟುಂಬಗಳು ಒಂದೇ ಕೋಣೆಯಲ್ಲಿ, 32 ಶೇಕಡಾ ಕುಟುಂಬಗಳು ಎರಡು ಕೋಣೆಗಳಲ್ಲಿ ಬದುಕುತ್ತಿದ್ದವು. ಗಣತಿಯವರಿಗೆ ಮೂರು ಕೋಣೆಯ ಮನೆ ಎನಿಸಿದ್ದು ಬ್ರೋಕರ್ ಬಾಯಲ್ಲಿ ಎರಡು ಬೆಡ್‌ರೂಮಿನ ಮನೆ.

ಬೆಲೆ ಏರಿಸುವುದು ಕೋಣೆಯೋ, ಜಾಗವೋ?

ಮೂರು ಬೆಡ್‌ರೂಮಿನ ಮನೆಗೆ ಎರಡರದ್ದಕ್ಕಿಂತ ಹೆಚ್ಚು ಬೆಲೆ ಎಂಬುದು ಕಣ್ಣಿಗೆ ಕಾಣುವ ಸತ್ಯ. ಆದರೆ ಆ ಮೂರು ಬೆಡ್‌ರೂಮಿನ ಮನೆ ಸಾಮಾನ್ಯವಾಗಿ ವಿಸ್ತೀರ್ಣದಲ್ಲೂ ದೊಡ್ಡದು, ಹೊಸದು, ಹೆಚ್ಚು ಸೆಂಟ್ಸ್ ಜಾಗದಲ್ಲಿ ಇರುವಂಥದ್ದು. ಬಚ್ಚಲೂ ಒಂದು ಹೆಚ್ಚು, ಕಾರು ನಿಲ್ಲಿಸಲು ಪೋರ್ಟಿಕೊ ಬೇರೆ. ಇವೆಲ್ಲದರ ಬೆಲೆಯನ್ನೂ ನಾವು ಆ ಮೂರನೇ ಕೋಣೆಯ ಹೆಸರಿಗೆ ಬರೆದುಬಿಡುತ್ತೇವೆ.

ಈ ಗಂಟನ್ನು ಬಿಡಿಸಲು ಅರ್ಥಶಾಸ್ತ್ರದಲ್ಲಿ ಒಂದು ದಾರಿಯಿದೆ. ಮನೆಯನ್ನು ಇಡಿಯಾಗಿ ನೋಡದೆ ಅದರ ಗುಣಗಳ ಕಂತೆಯಾಗಿ ನೋಡುವುದು: ವಿಸ್ತೀರ್ಣ, ಜಾಗ, ವಯಸ್ಸು, ಕೋಣೆ, ಬಚ್ಚಲು, ರಸ್ತೆ, ಶಾಲೆಯ ದೂರ. ಮಾರಾಟವಾದ ನೂರಾರು ಮನೆಗಳ ವಿವರ ಇಟ್ಟುಕೊಂಡು, ಉಳಿದೆಲ್ಲ ಒಂದೇ ಆಗಿದ್ದಾಗ ಒಂದು ಗುಣ ಮಾತ್ರ ಬದಲಾದರೆ ಬೆಲೆ ಎಷ್ಟು ಬದಲಾಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಈ ವಿಧಾನಕ್ಕೆ ಗಟ್ಟಿ ಬುನಾದಿ ಹಾಕಿದ್ದು 1974ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸೆನ್ ಬರೆದ ಪ್ರಬಂಧ.

2005ರಲ್ಲಿ ಸ್ಟೇಸಿ ಸಿರ್ಮನ್ಸ್ ಮತ್ತು ಇಬ್ಬರು ಸಹ ಸಂಶೋಧಕರು ಇಂಥ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ವಿಸ್ತೀರ್ಣ ಹೆಚ್ಚಿದಾಗ ಬೆಲೆ ಏರಿತು ಎಂದು ಬಹುಪಾಲು ಅಧ್ಯಯನಗಳು ಹೇಳಿದ್ದವು. ಬಚ್ಚಲುಗಳ ಸಂಖ್ಯೆಯದೂ ಹೆಚ್ಚುಕಡಿಮೆ ಅದೇ ಕಥೆ. ಬೆಡ್‌ರೂಮಿನ ವಿಷಯದಲ್ಲಿ ಮಾತ್ರ ಉತ್ತರ ಚದುರಿತ್ತು. ಸುಮಾರು ಅರ್ಧದಷ್ಟು ಅಧ್ಯಯನಗಳಲ್ಲಿ ಬೆಲೆ ಏರಿತ್ತು, ಕೆಲವದರಲ್ಲಿ ಗಮನಿಸುವಂಥ ಪರಿಣಾಮವೇ ಇರಲಿಲ್ಲ, ಇನ್ನು ಕೆಲವದರಲ್ಲಿ ಬೆಲೆ ಇಳಿದಿತ್ತು.

ಕೋಣೆ ಹೆಚ್ಚಾದರೆ ಬೆಲೆ ಇಳಿಯುವುದು ಹೇಗೆ? ವಿಸ್ತೀರ್ಣ ಅಷ್ಟೇ ಇದ್ದು ಕೋಣೆ ಮಾತ್ರ ಹೆಚ್ಚಾದರೆ ಪ್ರತಿ ಕೋಣೆಯೂ ಕಿರಿದಾಗುತ್ತದೆ. ಅದನ್ನು ಕಾಗದದ ಮೇಲೆ ಗೀಚಿ ನೋಡಿದರೆ ಸ್ಪಷ್ಟವಾಗುತ್ತದೆ.

ಸಾವಿರ ಚದರಡಿಯಲ್ಲಿ ಮೂರನೇ ಕೋಣೆ

ಸಾವಿರ ಚದರಡಿಯ ಒಂದು ತಾರಸಿ ಮನೆ ಎಂದಿಟ್ಟುಕೊಳ್ಳಿ. ಕೆಂಪುಕಲ್ಲಿನ ಗೋಡೆಗಳೇ ಸುಮಾರು 150 ಚದರಡಿ ತಿನ್ನುತ್ತವೆ. ಉಳಿಯುವುದು 850. ಅದರಲ್ಲಿ 12 ಅಡಿ ಉದ್ದ, 11 ಅಡಿ ಅಗಲದ ಎರಡು ಬೆಡ್‌ರೂಮಿಗೆ 264. ಅಡುಗೆ ಮನೆಗೆ 90, ಎರಡು ಬಚ್ಚಲಿಗೆ 80, ಸಿಟೌಟಿಗೆ 60, ಓಡಾಡುವ ದಾರಿಗೆ 56. ಊಟದ ಜಾಗವೂ ಸೇರಿ ಹಾಲಿಗೆ ಉಳಿಯುವುದು 300 ಚದರಡಿ. ನಾಲ್ಕೈದು ಜನರ ಸಂಸಾರಕ್ಕೆ ಇದು ಹದವಾದ ಮನೆ. ಮನೆಯಲ್ಲೊಂದು ಸತ್ಯನಾರಾಯಣ ಪೂಜೆ ಇಟ್ಟುಕೊಂಡರೆ ಹಾಲಿನಲ್ಲೇ ಒಂದು ಪಂಕ್ತಿ ಎಲೆ ಹಾಕಬಹುದು.

ಈಗ ಇದೇ ಮನೆಯನ್ನು ‘ತ್ರೀ ಬೆಡ್‌ರೂಮ್’ ಮಾಡಬೇಕೆಂದು ಹಾಲಿನಿಂದ ಹತ್ತಡಿಗೆ ಹತ್ತಡಿಯ ಕೋಣೆ ಕತ್ತರಿಸಿ. ಕೋಣೆಗೆ 100 ಚದರಡಿ ಹೋಯಿತು. ಹೊಸ ಗೋಡೆಗಳಿಗೆ 13, ಬಾಗಿಲಿಗೆ ಹೋಗುವ ದಾರಿಗೆ 30. ಹಾಲಿಗೆ ಉಳಿದದ್ದು 157 ಚದರಡಿ, ಅಂದರೆ 12 ಅಡಿಗೆ 13 ಅಡಿ. ಸೋಫಾ, ಟಿ.ವಿ., ಊಟದ ಮೇಜು ಇಟ್ಟ ಮೇಲೆ ನಡೆಯಲು ಅಡ್ಡ ತಿರುಗಬೇಕು. ಕಟ್ಟಡದ ವಿಸ್ತೀರ್ಣ ಒಂದಂಗುಲವೂ ಹೆಚ್ಚಲಿಲ್ಲ, ಖರ್ಚು ಮಾತ್ರ ಹೆಚ್ಚಿತು. ಮನೆ ನೋಡಲು ಬಂದವರು ಹೊಸ್ತಿಲು ದಾಟಿದ ಕೂಡಲೇ ಮೊದಲು ಕಾಣುವುದು ಆ ಇಕ್ಕಟ್ಟಾದ ಹಾಲ್.

ಕೋಣೆ ಇನ್ನೂ ಸಣ್ಣದಾಗಿ ಒಂಬತ್ತಡಿಗೆ ಒಂಬತ್ತಡಿಯಾದರೆ? ಆರೂವರೆ ಅಡಿ ಉದ್ದ, ಐದಡಿ ಅಗಲದ ಮಂಚವನ್ನು ಮೂಲೆಗೆ ಒತ್ತಿ ಇಟ್ಟರೆ ಪಕ್ಕದಲ್ಲಿ ಉಳಿಯುವುದು ನಾಲ್ಕಡಿ. ಅಲ್ಲಿ ಎರಡಡಿ ಆಳದ ಕಪಾಟು ನಿಲ್ಲಿಸಿದರೆ ಅದರ ಬಾಗಿಲು ತೆರೆದಾಗ ಮಂಚಕ್ಕೆ ತಾಗುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಎರಡು ವಾಸದ ಕೋಣೆಗಳಿದ್ದರೆ ಒಂದು ಕನಿಷ್ಠ 9.5 ಚದರ ಮೀಟರ್, ಇನ್ನೊಂದು ಕನಿಷ್ಠ 7.5 ಚದರ ಮೀಟರ್ ಇರಬೇಕು. 7.5 ಚದರ ಮೀಟರ್ ಎಂದರೆ ಸುಮಾರು 81 ಚದರಡಿ. ಒಂಬತ್ತಕ್ಕೆ ಒಂಬತ್ತು ಈ ಕನಿಷ್ಠದ ಅಂಚಿನಲ್ಲಿದೆ.

ಕರಾವಳಿಯಲ್ಲಿ ಗಾಳಿಯ ಮಾತು ಬೇರೆಯೇ ಇದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರಿದು. ಒಂದೇ ಕಿಟಕಿಯ ನಡುಕೋಣೆ ಆಷಾಢದಲ್ಲಿ ಒಣಗುವುದೇ ಇಲ್ಲ. ಗೋಡೆಯಲ್ಲಿ ತೇವ, ಬಟ್ಟೆಯಲ್ಲಿ ಬೂಸ್ಟು, ಹಾಸಿಗೆಗೆ ಮುಗ್ಗಲು ವಾಸನೆ. ಎರಡು ಕಡೆಯಿಂದ ಗಾಳಿ ಆಡುವ ಎರಡು ಕೋಣೆಗಳ ಮುಂದೆ ಗಾಳಿಯಿಲ್ಲದ ಮೂರನೆಯದು ಲೆಕ್ಕಕ್ಕೆ ಮಾತ್ರ ಕೋಣೆ. ಮಳೆಗಾಲದಲ್ಲಿ ಮನೆ ನೋಡಲು ಬಂದ ಗಿರಾಕಿ ಅದಕ್ಕೆ ದುಡ್ಡು ಕೊಡುವುದಿಲ್ಲ.

ಕಚೇರಿಗಳು ಎಣಿಸುವುದು ಏನನ್ನು?

ಬೆಲೆ ಕಟ್ಟುವ ಕಚೇರಿಗಳು ಕೋಣೆಗೆ ಎಷ್ಟು ಮಹತ್ವ ಕೊಡುತ್ತವೆ ಎಂದು ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ.

ಮೊದಲನೆಯದು ನೋಂದಣಿ. ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಬಿ ಕಲಮಿನ ಅಡಿ ನಿಗದಿಯಾಗುವ ಮಾರ್ಗಸೂಚಿ ಬೆಲೆಯಲ್ಲಿ ಬಿಡಿ ಮನೆಗೆ ಜಾಗದ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ. ಕಟ್ಟಡಕ್ಕೆ ವಿಸ್ತೀರ್ಣ ಎಷ್ಟು, ಛಾವಣಿ ಆರ್‌ಸಿಸಿಯೋ ಹಂಚೋ, ಕಟ್ಟಿ ಎಷ್ಟು ವರ್ಷವಾಯಿತು ಎಂದು ನೋಡಿ ದರ ಹಾಕುತ್ತಾರೆ. ವಯಸ್ಸಾದಷ್ಟೂ ಸವಕಳಿ ಕಳೆಯುತ್ತಾರೆ. ಹತ್ತು ಸೆಂಟ್ಸ್ ಜಾಗದಲ್ಲಿ 1,200 ಚದರಡಿಯ ಮನೆಗೆ ಎರಡು ಕೋಣೆ ಇದ್ದರೂ ನಾಲ್ಕು ಇದ್ದರೂ ಈ ಲೆಕ್ಕ ಒಂದೇ. 5 ಶೇಕಡಾ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಅಧಿಭಾರ, 2025ರ ಆಗಸ್ಟ್ 31ರಿಂದ 2 ಶೇಕಡಾಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲವೂ ಈ ಮಾರ್ಗಸೂಚಿ ಬೆಲೆ ಅಥವಾ ಕ್ರಯಪತ್ರದ ಬೆಲೆ, ಯಾವುದು ಹೆಚ್ಚೋ ಅದರ ಮೇಲೆ.

ಎರಡನೆಯದು ಬ್ಯಾಂಕು. ಸಾಲ ಕೊಡುವ ಮೊದಲು ಬ್ಯಾಂಕಿನ ಎಂಜಿನಿಯರ್ ಟೇಪು ಹಿಡಿದು ಬರುತ್ತಾರೆ. ವರದಿಯಲ್ಲಿ ಕೋಣೆಗಳ ಪಟ್ಟಿ ಇರುತ್ತದೆ, ಆದರೆ ಮೊತ್ತ ಮೂಡುವುದು ಜಾಗದ ಸೆಂಟ್ಸಿನಿಂದ, ಕಟ್ಟಡದ ಚದರಡಿಯಿಂದ, ಅದರ ವಯಸ್ಸಿನಿಂದ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಮೌಲ್ಯದ 90 ಶೇಕಡಾ ಮೀರುವಂತಿಲ್ಲ, 30ರಿಂದ 75 ಲಕ್ಷದವರೆಗೆ 80 ಶೇಕಡಾ. ಕೋಣೆಯ ಸಂಖ್ಯೆ ನಂಬಿ ಹೆಚ್ಚು ಬೆಲೆಗೆ ಒಪ್ಪಿಕೊಂಡವರು, ಎಂಜಿನಿಯರ್ ಕಟ್ಟಿದ ಮೌಲ್ಯ ಕಡಿಮೆ ಬಂದಾಗ ಆ ಅಂತರವನ್ನು ಕೈಯಿಂದ ತುಂಬಬೇಕಾಗುತ್ತದೆ.

ಮೂರನೆಯದು ಫ್ಲ್ಯಾಟು ಕೊಳ್ಳುವವರಿಗೆ ಸಂಬಂಧಿಸಿದ್ದು. 2016ರ ರೇರಾ ಕಾಯ್ದೆಯು ಕಾರ್ಪೆಟ್ ಏರಿಯಾ ಎಷ್ಟು ಎಂದು ಹೇಳುವುದನ್ನು ಕಡ್ಡಾಯ ಮಾಡಿದೆ. ಒಳಗಿನ ಗೋಡೆ ಸೇರಿ ಮನೆಯೊಳಗೆ ಬಳಸಲು ಸಿಗುವ ನೆಲವೇ ಕಾರ್ಪೆಟ್ ಏರಿಯಾ. ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ ಅದರಲ್ಲಿ ಬರುವುದಿಲ್ಲ. ‘ಸೂಪರ್ ಬಿಲ್ಟ್‌ಅಪ್’ ಲೆಕ್ಕದಲ್ಲಾದರೆ ಮೆಟ್ಟಿಲು, ಲಿಫ್ಟು, ಕಾರಿಡಾರಿನ ಪಾಲೂ ಸೇರಿರುತ್ತದೆ. ಎರಡು ಕಟ್ಟಡಗಳ ‘ತ್ರೀ ಬಿಎಚ್‌ಕೆ’ಗಳನ್ನು ಹೋಲಿಸುವಾಗ ಕೇಳಬೇಕಾದದ್ದು ಕಾರ್ಪೆಟ್ ಏರಿಯಾ ಒಂದನ್ನೇ.

ಗ್ರಾಮೀಣ ಬಡವರಿಗೆ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಕೊಡುವ ಮನೆಗೂ ಅಡುಗೆಯ ಜಾಗ ಸೇರಿ ಕನಿಷ್ಠ 25 ಚದರ ಮೀಟರ್ ಎಂದೇ ನಿಗದಿ ಮಾಡಲಾಗಿದೆ. ಸರ್ಕಾರವಾಗಲಿ ಬ್ಯಾಂಕಾಗಲಿ ನೆಲ ಅಳೆಯುತ್ತವೆ. ಕೋಣೆ ಎಣಿಸುವವರು ಕೊಳ್ಳುವ ನಾವು, ಮಾರುವ ನಾವು.

ಬ್ರಹ್ಮಾವರ ಬೇರೆ, ವಂಡ್ಸೆ ಬೇರೆ

ಹಾಗಾದರೆ ಕೋಣೆಯ ಸಂಖ್ಯೆಗೆ ಬೆಲೆಯೇ ಇಲ್ಲವೇ? ಇದೆ. ಆದರೆ ಅದು ಊರಿನಿಂದ ಊರಿಗೆ ಬದಲಾಗುತ್ತದೆ, ಏಕೆಂದರೆ ಮನೆ ಹುಡುಕಿಕೊಂಡು ಬರುವವರು ಬೇರೆ ಬೇರೆ.

ಬ್ರಹ್ಮಾವರ ಉಡುಪಿ ಮತ್ತು ಮಣಿಪಾಲದ ಸೆರಗಿನಲ್ಲಿದೆ. ಹೆದ್ದಾರಿ ಚತುಷ್ಪಥವಾದ ಮೇಲೆ ಅಲ್ಲಿ ಮನೆ ಮಾಡಿ ಉಡುಪಿಗೆ ಕೆಲಸಕ್ಕೆ ಹೋಗಿಬರುವುದು ಸಲೀಸು. ಆಸ್ಪತ್ರೆ, ಕಾಲೇಜು, ಬ್ಯಾಂಕುಗಳ ನೌಕರರು, ಮಕ್ಕಳ ಶಾಲೆಗಾಗಿ ಬಂದವರು ಅಲ್ಲಿನ ಗಿರಾಕಿಗಳು. ಗಂಡ, ಹೆಂಡತಿ, ಒಂದೆರಡು ಮಕ್ಕಳು, ಜತೆಗೆ ತಂದೆಯೋ ತಾಯಿಯೋ. ಇಂಥವರಿಗೆ ಎರಡನೇ ಕೋಣೆ ಅನಿವಾರ್ಯ, ಮೂರನೆಯದು ಅನುಕೂಲ. ಕೊಳ್ಳುವವರ ದೊಡ್ಡ ಗುಂಪು ಅಲ್ಲೇ ಇರುವುದರಿಂದ ಎರಡರಿಂದ ಮೂರಕ್ಕೆ ಹೋದಾಗ ಬೆಲೆಯಲ್ಲಿ ನಿಜವಾದ ಏರಿಕೆ ಸಿಗುತ್ತದೆ. ಬಾಡಿಗೆಗೆ ಕೊಟ್ಟರೂ ಅಷ್ಟೇ.

ಕುಂದಾಪುರ ಪೇಟೆಯ ಫ್ಲ್ಯಾಟುಗಳಿಗೆ ಬೇರೊಂದು ಗಿರಾಕಿ ವರ್ಗವಿದೆ. ತೋಟದ ಮನೆ ನೋಡಿಕೊಳ್ಳಲು ಆಗದೆ ಆಸ್ಪತ್ರೆ, ಬಸ್ ನಿಲ್ದಾಣ ಹತ್ತಿರ ಬೇಕೆಂದು ಬರುವ ಹಿರಿಯರು, ವರ್ಗವಾಗಿ ಬಂದ ಶಿಕ್ಷಕರು, ನೌಕರರು. ಅವರಿಗೆ ಮೂರನೇ ಕೋಣೆಗಿಂತ ಲಿಫ್ಟು ಮುಖ್ಯ. ಎರಡು ಕೋಣೆಯ ಚೊಕ್ಕ ಫ್ಲ್ಯಾಟಿಗೆ ಅಲ್ಲಿ ಗಿರಾಕಿ ಬೇಗ ಸಿಗುತ್ತಾರೆ.

ವಂಡ್ಸೆ, ನೆಂಪು, ಚಿತ್ತೂರು, ಜಡ್ಕಲ್ ಕಡೆಗೆ ಬಂದರೆ ಲೆಕ್ಕ ಪೂರ್ತಿ ಬೇರೆ. ಇಲ್ಲಿ ವರ್ಷಕ್ಕೆ ಮಾರಾಟವಾಗುವ ಮನೆಗಳೇ ಕಡಿಮೆ. ಹೆಚ್ಚಿನವರು ತಮ್ಮ ಪಾಲಿನ ಜಾಗದಲ್ಲಿ ತಾವೇ ಕಟ್ಟಿಕೊಳ್ಳುತ್ತಾರೆ. ಕಟ್ಟಿದ ಮನೆ ಕೊಳ್ಳಲು ಬರುವವರು ಊರಿಗೆ ಮರಳಬೇಕೆಂದಿರುವ ಹೋಟೆಲ್ ಉದ್ಯಮಿಗಳು, ನಿವೃತ್ತರು, ಕೊಲ್ಲೂರು ದಾರಿಯಲ್ಲಿ ಏನಾದರೂ ವ್ಯವಹಾರ ಮಾಡುವ ಯೋಚನೆಯವರು. ಅವರ ಕಣ್ಣು ಮೊದಲು ಜಾಗದ ಮೇಲೆ, ತೆಂಗು ಅಡಿಕೆಯ ಮೇಲೆ. ನಾಲ್ಕು ಕೋಣೆಯ ಮನೆಗೆ ಕೊಟ್ಟ ಬೆಲೆಯಲ್ಲಿ ಕಟ್ಟಡದ ಪಾಲಿಗಿಂತ ಜಾಗದ ಪಾಲೇ ಹೆಚ್ಚಿರುವುದು ಸಾಮಾನ್ಯ.

ಒಂದು ವಿನಾಯಿತಿ ಉಂಟು. ಕೊಲ್ಲೂರಿಗೆ ಬರುವ ಭಕ್ತರಿಗೆ, ಮರವಂತೆ ಅಥವಾ ಬೈಂದೂರಿನ ಕಡಲ ಕಡೆ ಬರುವವರಿಗೆ ಕೋಣೆ ಬಾಡಿಗೆಗೆ ಕೊಡುವ ಉದ್ದೇಶವಿದ್ದರೆ ಪ್ರತಿ ಕೋಣೆಯೂ ದಿನಕ್ಕಿಷ್ಟು ಎಂದು ದುಡಿಯುತ್ತದೆ. ಅಂಥ ಕಡೆ ಬಚ್ಚಲಿರುವ, ಬೇರೆ ಬಾಗಿಲಿರುವ ಕೋಣೆಗೆ ಲೆಕ್ಕವಿಟ್ಟು ಬೆಲೆ ಕೊಡುವವರು ಇದ್ದಾರೆ. ಆಗ ಅದು ಮನೆಯ ಬೆಲೆಯಾಗಿ ಉಳಿಯುವುದಿಲ್ಲ, ವ್ಯಾಪಾರದ ಬೆಲೆಯಾಗುತ್ತದೆ.

ದಾರಿ, ಬಾವಿ, ಕಾಗದ

ನಮ್ಮ ಕಡೆಯ ಮನೆಗಳು ಒಂದಕ್ಕೊಂದು ತಾಗಿಕೊಂಡಿಲ್ಲ. ಗದ್ದೆಯ ಅಂಚಿನಲ್ಲಿ, ಗುಡ್ಡದ ಬುಡದಲ್ಲಿ, ತೋಟದ ಒಳಗೆ ಚದುರಿಕೊಂಡಿವೆ. ಹಾಗಾಗಿ ಕೋಣೆಯ ಬೆಲೆ ನಿಲ್ಲುವುದು ಮೂರು ಸಂಗತಿಗಳ ಮೇಲೆ.

ಮೊದಲನೆಯದು ದಾರಿ. ಅಂಗಳದವರೆಗೆ ವಾಹನ ಬರುತ್ತದೆಯೇ, ಆ ದಾರಿ ಪಂಚಾಯತಿನದೋ, ಪಕ್ಕದವರ ಔದಾರ್ಯದ್ದೋ? ಕಾಲುಸಂಕ ದಾಟಿ ಹೋಗಬೇಕಾದ ಐದು ಕೋಣೆಯ ಮನೆಗಿಂತ, ಕ್ರಯಪತ್ರದಲ್ಲಿ ದಾರಿಯ ಹಕ್ಕು ಬರೆದಿರುವ ಎರಡು ಕೋಣೆಯ ಮನೆ ಬೇಗ ಮಾರಾಟವಾಗುತ್ತದೆ.

ಎರಡನೆಯದು ನೀರು. ಹೊಳೆ, ಹಿನ್ನೀರಿನ ಹತ್ತಿರದ ಕೆಲವು ಕಡೆ ಬೇಸಗೆಯಲ್ಲಿ ಬಾವಿಗೆ ಉಪ್ಪು ಹತ್ತುತ್ತದೆ. ಮೇಲಿನ ಮುರಕಲ್ಲು ದಿಣ್ಣೆಗಳಲ್ಲಿ ಏಪ್ರಿಲ್ ಬರುವಷ್ಟರಲ್ಲಿ ತಳ ಕಾಣುತ್ತದೆ. ಕಾರಿನ ಹಿಂದಿನ ಸೀಟಿನಿಂದ ಬಂದ ಪ್ರಶ್ನೆ ಅನುಭವದ್ದು. ಮನೆ ನೋಡಲು ಸರಿಯಾದ ಕಾಲ ಎರಡು: ಮೇ ತಿಂಗಳ ಕೊನೆ ಮತ್ತು ಜುಲೈ ತಿಂಗಳ ನಡುಭಾಗ. ಒಂದರಲ್ಲಿ ಬಾವಿಯ ನಿಜ ತಿಳಿಯುತ್ತದೆ, ಇನ್ನೊಂದರಲ್ಲಿ ಮಾಡಿನದು.

ಮೂರನೆಯದು ಕಾಗದ. ಪಂಚಾಯತ್ ವ್ಯಾಪ್ತಿಯ ಮನೆಗೆ ಇ-ಸ್ವತ್ತು ಮೂಲಕ ಸಿಗುವ ನಮೂನೆ 9 ಮತ್ತು 11ಎ ಇಲ್ಲದಿದ್ದರೆ ಮಾರಾಟ, ಸಾಲ ಎರಡೂ ತೊಡಕು. ಇದರ ಜತೆಗೆ ನಮ್ಮ ಜಿಲ್ಲೆಗಳಿಗೇ ವಿಶೇಷವಾದದ್ದು ಕುಮ್ಕಿ. ವರ್ಗ ಜಾಗಕ್ಕೆ ತಾಗಿಕೊಂಡ ಈ ಸರ್ಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ ತರುವ ಸವಲತ್ತು ಇತ್ತೇ ಹೊರತು ಒಡೆತನ ಇರಲಿಲ್ಲ. ಮನೆಯ ಹಿಂದಕ್ಕೆ ಎಳೆದು ಕಟ್ಟಿದ ಎರಡು ಕೋಣೆ ಕುಮ್ಕಿಯ ಗಡಿಯೊಳಗೆ ಕಾಲಿಟ್ಟಿದ್ದರೆ ಅವು ಬೆಲೆ ಏರಿಸುವ ಬದಲು ಇಡೀ ವ್ಯವಹಾರವನ್ನೇ ನಿಲ್ಲಿಸಬಲ್ಲವು. ಸರ್ವೆ ಮಾಡಿಸಿ ಗಡಿಕಲ್ಲು ನೋಡುವ ಖರ್ಚು, ಆ ಕೋಣೆಗಳಿಗೆ ಕೊಡುವ ಬೆಲೆಯ ಮುಂದೆ ಏನೂ ಅಲ್ಲ.

ಮಾಳಿಗೆಯ ಕೋಣೆಯ ಖರ್ಚು

ಇಷ್ಟೆಲ್ಲ ತಿಳಿದೂ ಕೋಣೆ ಕಟ್ಟುವವರ ಮನಸ್ಸಿನಲ್ಲಿ ಬೆಲೆ ಮಾತ್ರ ಇರುವುದಿಲ್ಲ. ಮಕರ ಸಂಕ್ರಾಂತಿಯ ಮಾರಣಕಟ್ಟೆ ಜಾತ್ರೆಗೆ, ದೀಪಾವಳಿಗೆ, ನಾಗನ ಪೂಜೆಗೆ, ಹರಕೆಯ ಆಟ ಆಡಿಸುವ ರಾತ್ರಿಗೆ ಮುಂಬೈ, ಬೆಂಗಳೂರಿನ ಮಕ್ಕಳು ಒಟ್ಟಿಗೆ ಬರುತ್ತಾರೆ. “ಎಲ್ಲ ಬಂದ್ರ್ ಅಂದ್ರೆ ಮನಿಕಂಬುಕೆ ಜಾಗ ಬ್ಯಾಡ್ದಾ?” ಎಂಬ ಹಿರಿಯರ ಮಾತಿನಲ್ಲಿ ಪ್ರೀತಿಯಿದೆ. ಆ ಪ್ರೀತಿಯೇ ಮಾಳಿಗೆಯ ಮೇಲೆ ನಾಲ್ಕನೇ ಕೋಣೆ ಕಟ್ಟಿಸುತ್ತದೆ.

ಅದರ ಲೆಕ್ಕವನ್ನೂ ಒಮ್ಮೆ ಹಾಕಬೇಕು. ಬಚ್ಚಲೂ ಸೇರಿ 190 ಚದರಡಿ, ಚದರಡಿಗೆ 2,100 ರೂಪಾಯಿ ಎಂದಿಟ್ಟುಕೊಂಡರೂ ಸುಮಾರು ನಾಲ್ಕು ಲಕ್ಷ. ಅದನ್ನು 8.5 ಶೇಕಡಾ ಬಡ್ಡಿಗೆ 20 ವರ್ಷದ ಸಾಲ ಮಾಡಿದರೆ ತಿಂಗಳಿಗೆ ಸುಮಾರು 3,470 ರೂಪಾಯಿ ಕಂತು. ಸಾಲ ತೀರುವಾಗ ಕೊಟ್ಟ ಮೊತ್ತ ಎಂಟು ಲಕ್ಷದ ಮೂವತ್ತು ಸಾವಿರ ದಾಟಿರುತ್ತದೆ. ಅಷ್ಟರಲ್ಲಿ ಕಟ್ಟಡಕ್ಕೆ 20 ವರ್ಷ ವಯಸ್ಸು, ಬೆಲೆ ಕಟ್ಟುವವರ ಪುಸ್ತಕದಲ್ಲಿ ಸವಕಳಿ. ತಾರಸಿ ಸೋರದಂತೆ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಹೊದಿಸಿದ ಶೀಟಿನ ಮಾಡಿನ ಖರ್ಚು ಬೇರೆ.

ಇದಕ್ಕಿಂತ ಹೆಚ್ಚು ಚಿಂತೆಯ ಸಂಗತಿ ಇನ್ನೊಂದಿದೆ. ದೊಡ್ಡ ಮನೆಗಳಲ್ಲಿ ವರ್ಷವಿಡೀ ಇರುವವರು ಹೆಚ್ಚಾಗಿ ವಯಸ್ಸಾದ ಇಬ್ಬರು, ಕೆಲವೊಮ್ಮೆ ಒಬ್ಬರೇ. ಮಂಡಿ ನೋವಿನವರು ಮೆಟ್ಟಿಲು ಹತ್ತುವುದಿಲ್ಲ. ಮಾಳಿಗೆಯ ಕೋಣೆಗಳನ್ನು ಗುಡಿಸಲು ಜನ ಸಿಗುವುದಿಲ್ಲ. ಮುಚ್ಚಿದ ಕೋಣೆಗೆ ಗೆದ್ದಲು ಬರುತ್ತದೆ, ಕಿಟಕಿಯ ಮರ ಉಬ್ಬುತ್ತದೆ. ಅದೇ ಮನೆಯ ಕೆಳಗಿನ ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಸರಳೂ ಇರುವುದಿಲ್ಲ, ನೆಲದ ಟೈಲ್ಸು ನುಣುಪು. ಜಾರಿ ಬಿದ್ದು ಸೊಂಟ ಮುರಿದುಕೊಂಡ ಹಿರಿಯರ ಕಥೆ ಕೇಳದ ಕುಟುಂಬ ನಮ್ಮಲ್ಲಿ ವಿರಳ. ಮಕ್ಕಳಿಗಾಗಿ ಕಟ್ಟಿದ ಮನೆ, ಅದರಲ್ಲಿ ಬದುಕುವ ತಂದೆತಾಯಿಗೆ ಹೊರೆಯಾಗುವುದು ನೋವಿನ ವಿಷಯ.

ಕೊಳ್ಳುವವರು, ಕಟ್ಟುವವರು ಏನು ಮಾಡಬಹುದು?

ಕೊಳ್ಳಲು ಹೊರಟವರು ಬೆಲೆಯನ್ನು ಕೋಣೆಯಿಂದ ಭಾಗಿಸುವ ಬದಲು ಎರಡು ತುಂಡು ಮಾಡಿ ನೋಡಬೇಕು. ಈ ಭಾಗದಲ್ಲಿ ಸೆಂಟ್ಸಿಗೆ ಎಷ್ಟು ನಡೆಯುತ್ತಿದೆ ಎಂದು ವಿಚಾರಿಸಿ ಜಾಗದ ಬೆಲೆ ತೆಗೆದಿಡಿ. ಉಳಿದ ಮೊತ್ತವನ್ನು ಚದರಡಿಯಿಂದ ಭಾಗಿಸಿ. ಬಂದ ಸಂಖ್ಯೆ ಇಂದು ಹೊಸ ಮನೆ ಕಟ್ಟುವ ದರಕ್ಕಿಂತ ಹೆಚ್ಚಿದ್ದು ಮನೆ ಹಳೆಯದಾಗಿದ್ದರೆ, ಕೋಣೆಯ ಹೆಸರಿನಲ್ಲಿ ನೀವು ಹೆಚ್ಚು ತೆರುತ್ತಿದ್ದೀರಿ. ಆಮೇಲೆ ಟೇಪು ಹಿಡಿದು ಪ್ರತಿ ಕೋಣೆ ಅಳೆಯಿರಿ. ನೂರು ಚದರಡಿಗಿಂತ ಚಿಕ್ಕದಾದ, ಒಂದೇ ಕಿಟಕಿಯ ಕೋಣೆಯನ್ನು ಬೆಡ್‌ರೂಮ್ ಎಂದು ಒಪ್ಪಿಕೊಳ್ಳಬೇಡಿ. ಮಾತುಕತೆಯಲ್ಲಿ ಅದನ್ನು ಸಾಮಾನಿನ ಕೋಣೆ ಎಂದೇ ಲೆಕ್ಕ ಹಿಡಿಯಿರಿ.

ಮಾರುವವರು ಹಾಲನ್ನು ಒಡೆದು ಕೋಣೆ ಹೆಚ್ಚಿಸಲು ಹೋಗಬಾರದು. ಆ ದುಡ್ಡಿನಲ್ಲಿ ಸೋರುವ ತಾರಸಿ ಸರಿಮಾಡಿಸಿ, ಇನ್ನೊಂದು ಬಚ್ಚಲು ಕಟ್ಟಿಸಿ, ದಾರಿಯ ಹಕ್ಕನ್ನು ನೋಂದಾಯಿಸಿಕೊಳ್ಳಿ. ಖರ್ಚು ಮಾಡಿದ ಪ್ರತಿ ರೂಪಾಯಿ ಬೆಲೆಯಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆ ಇವುಗಳಲ್ಲಿ ಹೆಚ್ಚು.

ಕಟ್ಟುವವರಿಗೆ ಇರುವ ಒಳ್ಳೆಯ ದಾರಿ ಹಂತ ಹಂತವಾಗಿ ಬೆಳೆಸುವುದು. ನೆಲ ಅಂತಸ್ತಿನಲ್ಲೇ ಗಾಳಿ ಬೆಳಕಿನ ಎರಡು ದೊಡ್ಡ ಕೋಣೆ, ಅದರಲ್ಲಿ ಒಂದಕ್ಕೆ ಹಿರಿಯರು ಬಳಸಬಲ್ಲ ಬಚ್ಚಲು, ನೆಂಟರು ಬಂದಾಗ ಹತ್ತು ಜನ ಮಲಗಬಲ್ಲ ಹಾಲ್. ಪಂಚಾಂಗ ಹಾಕುವಾಗಲೇ ಮೇಲಿನ ಅಂತಸ್ತಿನ ಭಾರ ತಡೆಯುವಂತೆ ಎಂಜಿನಿಯರ್ ಹತ್ತಿರ ಲೆಕ್ಕ ಮಾಡಿಸಿ ಮೆಟ್ಟಿಲಿಗೆ ಜಾಗ ಬಿಟ್ಟರೆ ಸಾಕು. ಮಕ್ಕಳು ನಿಜಕ್ಕೂ ಊರಿಗೆ ಮರಳಿದ ದಿನ, ಅವರದೇ ದುಡಿಮೆಯಲ್ಲಿ, ಅವರಿಗೆ ಬೇಕಾದಂತೆ ಮೇಲಿನ ಕೋಣೆ ಏಳಲಿ.

ಜಾತ್ರೆಯ ಮೂರು ರಾತ್ರಿಗಾಗಿ ಇಪ್ಪತ್ತು ವರ್ಷದ ಸಾಲ ಹೊರುವುದಕ್ಕಿಂತ, ವರ್ಷದ ಉಳಿದ ರಾತ್ರಿಗಳಲ್ಲಿ ಆ ಮನೆಯಲ್ಲಿ ಮಲಗುವವರ ಆರೋಗ್ಯಕ್ಕೆ ಖರ್ಚು ಮಾಡುವುದು ಮೇಲು. ಹಾಗೆ ಕಟ್ಟಿದ ಮನೆಯನ್ನು ಮುಂದೊಂದು ದಿನ ಮಾರಬೇಕಾಗಿ ಬಂದರೂ ನಷ್ಟವಿಲ್ಲ, ಏಕೆಂದರೆ ಗಾಳಿ, ಬೆಳಕು, ನೀರು, ದಾರಿ ಇರುವ ಎರಡು ಕೋಣೆಯ ಮನೆಗೆ ಈ ಊರಿನಲ್ಲಿ ಗಿರಾಕಿಗಳು ಯಾವಾಗಲೂ ಇದ್ದಾರೆ.